ಸಾರಿನ ಪುಡಿಗೆ ಗಿರಾಕಿ ಯಾರು

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಸಾರಿನ ಪುಡಿ ಮಾರಿದರೆ ಲಾಭ ಬಂದೇ ಬರುತ್ತದೆ ಎಂದು ನನಗೆ ಎಷ್ಟು ಖಾತ್ರಿಯಿತ್ತೆಂದರೆ, ಪುಡಿ ಮಾಡುವ ಮೊದಲೇ ಪ್ಯಾಕೆಟ್ಟಿನ ಮೇಲೆ ಅಂಟಿಸುವ ಲೇಬಲ್ಲಿನ ಬಣ್ಣ ಆರಿಸಿಬಿಟ್ಟಿದ್ದೆ. ವ್ಯಾಪಾರದ ಬಗ್ಗೆ ನಾನು ಕಲಿತದ್ದೆಲ್ಲ ಆಫೀಸಿಗೆ ಹೋಗುವ ರೈಲಿನಲ್ಲಿ ನೋಡಿದ ವಿಡಿಯೋಗಳಿಂದ. ಸಣ್ಣದೊಂದು ಗುಂಪು ಹುಡುಕಿ, ಅವರಿಗೆ ಸಿಗದಿರುವುದನ್ನು ಕೊಡಿ ಎಂದು ಎಲ್ಲರೂ ಹೇಳುತ್ತಿದ್ದರು. ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ತಮಿಳರ ರಸಂ ಪುಡಿ. ನಮ್ಮ ಮೈಸೂರು ಕಡೆಯ ಸಾರಿನ ಪುಡಿ ಎಲ್ಲೂ ಇಲ್ಲ. ಇನ್ನೇನು ಬೇಕು ಅಂದುಕೊಂಡೆ.

ಪಾಲುದಾರರೂ ಸಿಕ್ಕಿದ್ದರು. ಅಕ್ಕ ಭಾವನ ಜೊತೆ ನಾನಿರುವ ಕಾಂಡೋ ಅಪಾರ್ಟ್‌ಮೆಂಟಿನಲ್ಲೇ ಪಕ್ಕದ ಮನೆಯ ತಮಿಳು ಆಂಟಿ. ಅವರು ಹುಟ್ಟಿ ಬೆಳೆದದ್ದು ಇಲ್ಲೇ. ಹತ್ತಿರದಲ್ಲೇ ಬಾಡಿಗೆಗೆ ಹಿಡಿದ ಪುಟ್ಟ ಕೇಟರಿಂಗ್ ಅಡುಗೆಮನೆ, ಅದರ ಲೈಸೆನ್ಸ್ ಎರಡೂ ಅವರ ಹೆಸರಿನಲ್ಲಿದ್ದವು. ಪುಡಿ ಮಾಡುವ ಹಳೆಯ ಮಷಿನ್ ಒಂದು ಮಾರಾಟಕ್ಕಿತ್ತು. ಅರ್ಧ ನನ್ನ ಉಳಿತಾಯ, ಇನ್ನರ್ಧ ಆಂಟಿಯದು. ಅವರ ಅರ್ಧ ಅಡುಗೆಮನೆಯ ಬಾಡಿಗೆಗೆಂದು ತೆಗೆದಿಟ್ಟ ಹಣ. ಪುಡಿ ಹೋಗದಿದ್ದರೆ ನನ್ನ ಉಳಿತಾಯ ಕರಗುತ್ತಿತ್ತು, ಅವರ ಅಡುಗೆಮನೆಯೇ ಹೋಗುತ್ತಿತ್ತು. ಅದಕ್ಕೇ ಮೊದಲು ಪರೀಕ್ಷೆ ಮಾಡೋಣ ಎಂದು ನಾನೇ ಹೇಳಿದೆ.

ಮಿಕ್ಸಿಯಲ್ಲೇ ಪುಡಿ ಮಾಡಿ, ಗೊತ್ತಿದ್ದ ಕನ್ನಡದ ಮನೆಗಳಿಗೆಲ್ಲ ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟು ಬಂದೆ. ಅವತ್ತು ಸಂಜೆಯೇ ಮೆಸೇಜುಗಳು. ಸೂಪರ್, ಊರಿನ ನೆನಪಾಯ್ತು, ಬೇಗ ಶುರು ಮಾಡು. ನಾನು ಒಂದೊಂದನ್ನೂ ಅಕ್ಕನಿಗೆ ಓದಿ ಹೇಳಿದೆ.

"ಬಿಟ್ಟಿ ಕೊಟ್ರೆ ಯಾರು ತಾನೇ ಚೆನ್ನಾಗಿಲ್ಲ ಅಂತಾರೆ? ಸುಮ್ನೆ ಮಲ್ಕೋ," ಅಂದಳು ಅಕ್ಕ.

ಆಮೇಲಿನ ವಾರ ಡಬ್ಬಿಗಳು ವಾಪಸ್ ಬಂದವು. ನಮ್ಮವರು ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಚೂರು ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ನಾನು ಉಂಡೆಯೋ ಚಕ್ಕುಲಿಯೋ ಇರಬಹುದೆಂದು ಮುಚ್ಚಳ ತೆಗೆದೆ. ಸಾರಿನ ಪುಡಿ. ಮುಂದಿನದರಲ್ಲೂ ಸಾರಿನ ಪುಡಿ. "ನಮ್ಮಮ್ಮ ಮಾಡಿದ್ದು, ನೀನೂ ಸ್ವಲ್ಪ ರುಚಿ ನೋಡು" ಎಂದು ಒಬ್ಬರು. "ನಮ್ಮ ಅವ್ವಾರು ಕಳಿಸ್ಯಾರ, ನಿಂದಕ್ಕಿಂತ ಖಾರ ಐತಿ ನೋಡವಾ" ಎಂದು ಧಾರವಾಡದವರು. ಕೆಂಪು, ಕಂದು, ಇಂಗಿನ ಘಾಟು, ಮೆಂತ್ಯದ ಕಹಿ, ಎಲ್ಲ ಅಡುಗೆಕಟ್ಟೆಯ ಮೇಲೆ ಸಾಲಾಗಿ ಕೂತವು. ಅಕ್ಕ ನಕ್ಕೂ ನಕ್ಕೂ ಕುರ್ಚಿ ಹಿಡಿದುಕೊಂಡಳು.

"ಇನ್ನು ಒಂದು ವರ್ಷ ನಮ್ಮನೆಗೆ ಪುಡಿ ಬೇಡ ಕಣೆ. ಇದೇ ನಿನ್ನ ಲಾಭ."

ನನಗೆ ನಗು ಬರಲಿಲ್ಲ. ಪ್ರತಿ ಮನೆಗೂ ಸೂಟ್‌ಕೇಸಿನಲ್ಲಿ ಅವರವರ ಅಮ್ಮನ ಪುಡಿ ಬರುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಮನೆಗೂ ಹಾಗೇ ಬರುತ್ತದೆ. ಆದರೂ ನಾನು ಅವರನ್ನು ಕೇಳಿದ್ದು ಚೆನ್ನಾಗಿದೆಯಾ ಎಂದು ಮಾತ್ರ. ದುಡ್ಡು ಕೊಟ್ಟು ಕೊಳ್ಳುವ ಮಾತನ್ನು ಯಾರಲ್ಲೂ ಎತ್ತಿರಲಿಲ್ಲ. ಸರಿ, ಪ್ರಶ್ನೆ ಬದಲಾಯಿಸುತ್ತೇನೆ ಎಂದು ಮತ್ತೆ ಹೊರಟೆ. ಈ ವಾರ ಯಾವ ಅಡುಗೆ ಮಾಡಬೇಕೆಂದುಕೊಂಡು ಮಾಡಲಿಲ್ಲ ಎಂದಷ್ಟೇ ಕೇಳಿದೆ. ಮೊದಲು ಹೋದದ್ದು ಕೆಳಗಿನ ಮಹಡಿಯ ಬೆಂಗಳೂರಿನವರಲ್ಲಿಗೆ, ಗಂಡ ಹೆಂಡತಿ ಇಬ್ಬರೂ ಐಟಿ.

"ಹುಳಿ," ಅಂದರು ಆಕೆ. "ಪುಡಿ ಫ್ರೀಜರ್ ತುಂಬ ಇದೆ. ಆಫೀಸಿಂದ ಬಂದು ಕಾಯಿ ತುರ್ದು ರುಬ್ಬೋದು ಯಾರು? ಮಿಕ್ಸಿ ತೊಳೆಯೋದು ಯಾರು? ಕೊನೆಗೆ ಮಾಮಕ್ ಹೋಟ್ಲಲ್ಲಿ ಏನಾದ್ರೂ ತಪಾವ್, ಪಾರ್ಸೆಲ್ ಕಟ್ಟಿಸ್ಕೊಂಡು ಬರ್ತೀವಿ."

ಉಳಿದ ಮನೆಗಳಲ್ಲೂ ಮಾತು ಸುತ್ತಿ ಸುತ್ತಿ ಕಾಯಿಗೇ ಬಂದು ನಿಂತಿತು. ಹಸಿಕಾಯಿಯನ್ನು ರುಬ್ಬಿ ಯಾವ ಅಮ್ಮನೂ ಸೂಟ್‌ಕೇಸಿನಲ್ಲಿ ಕಳಿಸಲಾರಳು. ಆಂಟಿಯ ಅಡುಗೆಮನೆಯಲ್ಲಿ ದೊಡ್ಡ ಗ್ರೈಂಡರ್ ಇದ್ದೇ ಇದೆ. ಕಾಯಿ, ಹುರಿಗಡಲೆ, ಜೀರಿಗೆ, ಕೊತ್ತಂಬರಿ ಸೊಪ್ಪು ರುಬ್ಬಿ, ಒಂದು ಹೊತ್ತಿನ ಹುಳಿಗಾಗುವಷ್ಟನ್ನು ಪ್ಯಾಕೆಟ್ ಮಾಡಿ ಫ್ರೀಜ್ ಮಾಡಿದೆವು. ಪುಡಿ ಅವರವರ ಮನೆಯದು. ಈ ಸಲ ಬಿಟ್ಟಿ ಇಲ್ಲ, ಮೊದಲು ದುಡ್ಡು ಎಂದು ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಹಾಕುವಾಗ ನಾಚಿಕೆಯಾಯಿತು, ಆದರೂ ಹಾಕಿದೆ. ಆರ್ಡರ್ ಬಂದವು.

"ದಾಕ್ಷಿಣ್ಯಕ್ಕೆ ಒಂದ್ಸಲ ತಗೊಂಡಿದ್ದಾರೆ," ಅಂದಳು ಅಕ್ಕ.

ಇರಬಹುದು ಅನ್ನಿಸಿತು. ಕಾರಿನಲ್ಲಿ ಮನೆಮನೆಗೆ ತಲುಪಿಸಿದ್ದಕ್ಕೇ ಉಳಿಯಬೇಕಾದದ್ದೂ ಖರ್ಚಾಗಿತ್ತು. ಅದಕ್ಕೆ ಎರಡನೇ ವಾರ ನಾನು ಯಾರಿಗೂ ಏನೂ ಹೇಳದೆ ಸುಮ್ಮನಿರಲು ನಿರ್ಧರಿಸಿದೆ. ಬೇಕಾದವರು ತಾವಾಗಿ ಕೇಳಲಿ, ಕೆಳಗಿನ ಲಾಬಿಗೆ ತಾವೇ ಬಂದು ತೆಗೆದುಕೊಂಡು ಹೋಗಲಿ. ಸೋಮವಾರ ಇಲ್ಲ, ಮಂಗಳವಾರವೂ ಇಲ್ಲ. ಬುಧವಾರ ಆಂಟಿ ಬಾಗಿಲು ತಟ್ಟಿದರು. ಅವರದು ತಮಿಳು, ನನ್ನದು ಕನ್ನಡ, ನಡುವೆ ಇಬ್ಬರದೂ ಇಂಗ್ಲಿಷ್.

"ಮಷಿನ್‌ನವನು ಫೋನ್ ಮಾಡಿದ್ದ ಮಾ. ನಾಳೆ ಅಡ್ವಾನ್ಸ್ ಕೊಡ್ದಿದ್ರೆ ಬೇರೆಯವರಿಗೆ ಕೊಡ್ತಾನಂತೆ. ಏನ್ ಹೇಳ್ಲಿ?"

"ಕೊಡ್ಲಿ ಆಂಟಿ. ನಮಗೆ ಬೇಡ."

"ಅವತ್ತು ಪುಡಿ ಪುಡಿ ಅಂತ ಕುಣಿದೆ. ಇವತ್ತು ಬೇಡ್ವಾ ಲಾ?"

"ನಿಮ್ಮ ಬಾಡಿಗೆ ದುಡ್ಡು ಹಾಗೇ ಇರ್ಲಿ. ಗ್ರೈಂಡರ್‌ನಲ್ಲಿ ಆಗೋದು ಮಾತ್ರ ಮಾಡೋಣ."

ಆರ್ಡರ್ ಒಂದೂ ಇಲ್ಲದೆ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದೆನೋ. ಗುರುವಾರ ಬೆಳಿಗ್ಗೆ ರೈಲಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ದೂರದ ಮೆಲಾಕಾ ಊರಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಉಡುಪಿಯವರು.

"ಗೆಳತಿಯ ಮನೆಯಲ್ಲಿ ನಿನ್ನ ಪ್ಯಾಕೆಟ್ಟಿನ ಹುಳಿಯಲ್ಲಿ ಊಟ ಮಾಡಿದೆ ಮಾರಾಯ್ತಿ. ಶನಿವಾರ ಆ ಕಡೆ ಬರ್ಲಿಕ್ಕುಂಟು. ತಿಂಗಳಿಗಾಗುವಷ್ಟು ಬೇಕು. ದುಡ್ಡು ಈಗಲೇ ಹಾಕ್ಲಾ?"

ಇವರಿಗೆ ನನ್ನ ಪರಿಚಯವಿಲ್ಲ, ದಾಕ್ಷಿಣ್ಯದ ಪ್ರಶ್ನೆಯೇ ಇಲ್ಲ. ಸಂಜೆಯೊಳಗೆ ಕೆಳಗಿನ ಮಹಡಿಯವರೂ ಇನ್ನೂ ಕೆಲವರೂ ತಾವಾಗಿಯೇ ಕೇಳಿದರು. ಧಾರವಾಡದವರು ಮಾತ್ರ ಕೇಳಲಿಲ್ಲ. ಮುಂದೆಯೂ ಕೇಳಲಿಲ್ಲ.

ಶನಿವಾರ ಲಾಬಿಯಲ್ಲಿ ಪ್ಯಾಕೆಟ್ಟುಗಳೆಲ್ಲ ಹೋದ ಮೇಲೆ ಆಂಟಿಯ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಕಾಯಿ, ಕರೆಂಟು, ಪ್ಯಾಕೆಟ್ಟು. ನಮ್ಮಿಬ್ಬರ ಕೂಲಿಯನ್ನೂ ಸೇರಿಸಬೇಕೆಂದೆ. ಅವರು ಬೇಡವೆಂದರು, ನಾನು ಬಿಡಲಿಲ್ಲ. ಎಲ್ಲ ಕಳೆದು ಒಂದಿಷ್ಟು ಉಳಿಯಿತು.

"ಇಷ್ಟೇನಾ?" ಅಂದರು ಆಂಟಿ. "ನಡಿ, ಇಬ್ರೂ ಹೋಗಿ ಮಕಾನ್ ಮಾಡ್ಕೊಂಡು ಬರೋಣ. ಊಟಕ್ಕೆ ಸರಿಹೋಗತ್ತೆ."

"ಬೇಡ ಆಂಟಿ. ಮುಂದಿನ ವಾರ ಕಾಯಿಗೆ ಬೇಕು."

ಜಿಪುಣಿ ಎಂದು ಗೊಣಗುತ್ತ ಅವರು ಕಾಯಿ ತುರಿದುಕೊಡುವ ಅಂಗಡಿಗೆ ಫೋನ್ ಮಾಡಿ, ಕಳೆದ ವಾರಕ್ಕಿಂತ ಎರಡು ಕಾಯಿ ಜಾಸ್ತಿ ಹೇಳಿದರು.