ಗ್ರೂಪಿನ ಗುಲಾಬಿಯೂ ಅತ್ತೆಯ ಮುದ್ದೆಯೂ

ಅತ್ತೆ ಸೊಪ್ಪನ್ನು ತಲೆಕೆಳಗಾಗಿ ಕಟ್ಟಿದ್ದರು.

ಹೊಗೆಸೊಪ್ಪನ್ನು ಬೇಯಿಸಲು ಬ್ಯಾರನ್‌ಗೆ, ಅಂದರೆ ಬೆಂಕಿಯ ಕಾವಿನಲ್ಲಿ ಸೊಪ್ಪು ಒಣಗಿಸುವ ಮನೆಗೆ, ಏರಿಸುವ ಮುಂಚೆ ತೊಟ್ಟು ಹಿಡಿದು ಕಡ್ಡಿಗೆ ಕಟ್ಟಬೇಕು. ಪಿರಿಯಾಪಟ್ಟಣದ ಕಡೆ ಮಕ್ಕಳಿಗೂ ಗೊತ್ತು. ಮದುವೆಯಾಗಿ ಬಂದ ನನಗೆ ಕಲಿಸಿದವರೇ ಅತ್ತೆ. ಅವತ್ತು ಎಲೆಯ ತುದಿ ಹಿಡಿದು ಕಟ್ಟುತ್ತಾ ಕೂತಿದ್ದರು. ಗಂಡನನ್ನು ಕರೆದು ತೋರಿಸಿದೆ.

“ಅವ್ವಂಗೆ ವಯಸ್ಸಾಯ್ತು ಕಣೆ, ಬುಡು,” ಎಂದರು.

ಬಿಟ್ಟೆವು. ನನ್ನ ಹೆಸರನ್ನೂ ಮರೆತ ಮೇಲೆ ಮೈಸೂರಿನ ಆಸ್ಪತ್ರೆಗೆ ಕರೆದೊಯ್ದೆವು. ಸ್ಕ್ಯಾನಿಂಗ್ ಆಯಿತು.

“ಡಿಮೆನ್ಶಿಯಾ. ವಾಸಿ ಆಗಲ್ಲಮ್ಮ, ಚೆನ್ನಾಗಿ ನೋಡ್ಕೊಳ್ಳಿ,” ಎಂದರು ಡಾಕ್ಟರ್, ಮುಂದಿನವರ ಫೈಲ್ ತೆರೆಯುತ್ತಾ.

ನೋಡಿಕೊಳ್ಳುವವಳು ನಾನು. ಕೆ.ಆರ್. ನಗರದ ನಾದಿನಿ ತನ್ನ ಪಾಲಿನ ಸೇವೆ ಎಂಬಂತೆ ನನ್ನನ್ನೊಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದಳು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಯವರ ಗ್ರೂಪು. ಬೆಳಗಾದರೆ ಗುಲಾಬಿ. ಅದರ ಕೆಳಗೊಂದು ನುಡಿಮುತ್ತು. ಅದಕ್ಕೆ ಎಲ್ಲರೂ ಕೈಮುಗಿದ ಚಿತ್ರ ಒತ್ತುತ್ತಾರೆ. “ತಾಯಿಯ ಸೇವೆಯೇ ದೇವರ ಸೇವೆ” ಎಂದು ಹಾಕಿದವಳು ನನ್ನ ನಾದಿನಿಯೇ. ತಾಯಿಯ ಮುಖ ನೋಡಿ ಅವಳಿಗೆ ಎಷ್ಟು ಕಾಲವಾಗಿತ್ತೋ. ಮಾತಿಗೇನು ಸುಂಕವೇ?

ಆಮೇಲೆ ಅತ್ತೆ ಊಟ ಬಿಟ್ಟರು.

ಮುದ್ದೆ ಇಕ್ಕಿದರೆ ತಟ್ಟೆ ತಳ್ಳುತ್ತಾರೆ. ತುತ್ತು ಬಾಯಿಗಿಟ್ಟರೆ ತುಟಿ ಬಿಗಿಯುತ್ತಾರೆ. ರವಿಕೆಯ ತೋಳು ಜೋತಾಡತೊಡಗಿತು. ಹೀಗೇ ಆದರೆ ಮೂಗಿಗೆ ಟ್ಯೂಬ್ ಹಾಕಬೇಕಾಗುತ್ತದೆ ಎಂದರು ಡಾಕ್ಟರ್. ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾದೀತಂತೆ. ನನಗೆ ಹೆದರಿಕೆಯಾಯಿತು. ನಾಚಿಕೆ ಬಿಟ್ಟು ಗ್ರೂಪಿನಲ್ಲಿ ಬರೆದೆ: ಅತ್ತೆ ಉಣ್ಣುತ್ತಿಲ್ಲ, ಒಂದೇ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾರೆ, ಏನು ಮಾಡಲಿ?

ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. “ಧೈರ್ಯವಾಗಿರಿ ಸಿಸ್ಟರ್.” ಹುಣಸೂರಿನ ಮಹಾಶಯರೊಬ್ಬರು ಡ್ರ್ಯಾಗನ್ ಹಣ್ಣಿನ ಜ್ಯೂಸ್ ಕುಡಿಸಲು ಹೇಳಿದರು. ನಾದಿನಿ ಅಳುವ ಮುಖ ಕಳಿಸಿದಳು. ಅಷ್ಟೂ ಜನರ ಬಾಯುಪಚಾರ ಸೇರಿಸಿದರೂ ಒಂದು ತುತ್ತು ಆಗಲಿಲ್ಲ.

ಇದರ ನಡುವೆ ಸಂಶೋಧನೆ ಮಾಡುವ ಹುಡುಗಿಯೊಬ್ಬಳ ಫೋನ್. ನಮ್ಮಂಥವರು ಆನ್‌ಲೈನಿನಲ್ಲಿ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತೇವೆ ಎಂದು ಅಧ್ಯಯನ ಮಾಡುತ್ತಾಳಂತೆ. ಗ್ರೂಪಿನವರೆಲ್ಲ ಒಪ್ಪಿಗೆ ಕೊಟ್ಟಿದ್ದೆವು. ನಮ್ಮ ಗೋಳಿನ ಮೇಲೆ ಇವಳಿಗೆ ಡಾಕ್ಟರೇಟು.

“ಏನ್ ಓದ್ತೀಯವ್ವ? ಗುಲಾಬಿ ಎಣಿಸ್ತಿದ್ದೀಯಾ?” ಎಂದೆ.

ಅವಳು ನಗಲಿಲ್ಲ. “ಅತ್ತೆ ಒಂದೇ ಪ್ರಶ್ನೆ ಕೇಳ್ತಾರೆ ಅಂತ ಬರೆದಿದ್ರಲ್ಲ ಮೇಡಂ, ಯಾವ ಪ್ರಶ್ನೆ ಅಂತ ಗ್ರೂಪಲ್ಲಿ ಯಾರೂ ಕೇಳಿಲ್ಲ. ಯಾವುದದು?”

“ಉಂಡ್ಯಾ ಮಗಾ, ಮಿಕ್ಕೋರು ಉಂಡ್ರಾ ಅಂತಾರೆ.”

“ನೀವೇನಂತೀರಿ?”

“ನೀವು ಉಣ್ಣಿ, ಆಮೇಲೆ ಉಣ್ತೀನಿ ಅಂತೀನಿ. ಅತ್ತೆಗಿಂತ ಮುಂಚೆ ಸೊಸೆ ಉಣ್ತಾಳಾ?”

ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಅದು ಅತ್ತೆ ಸೊಸೆಯನ್ನು ಕೇಳುವ ರೀತಿಯಲ್ಲ. ಸೊಪ್ಪು ಕಟ್ಟಲು ಬಂದ ಆಳು ಹೆಂಗಸರನ್ನು ಕೇಳುತ್ತಿದ್ದ ರೀತಿ. ಆಳುಗಳು ಉಂಡೆದ್ದ ಮೇಲೇ ಅತ್ತೆ ತಟ್ಟೆ ಮುಟ್ಟುತ್ತಿದ್ದದ್ದು. ನಾನು ಅವರು ಉಣ್ಣಲಿ ಎಂದು ಕಾದೆ. ಅವರು ನಾನು ಉಣ್ಣಲಿ ಎಂದು ಕಾದರು.

ಅವತ್ತು ಮಧ್ಯಾಹ್ನ ಅವರೆದುರು ಕೂತು, ಅವರಿಗಿಂತ ಮುಂಚೆ ಮುದ್ದೆ ಮುರಿದೆ. ಮದುವೆಯಾದ ಮೇಲೆ ಮೊದಲ ಸಲ. ಅತ್ತೆ ಕಣ್ಣು ಕೀಳದೆ ನೋಡಿದರು. ನನ್ನ ತಟ್ಟೆ ಬರಿದಾದ ಮೇಲೆ ತಮ್ಮದನ್ನು ಎಳೆದುಕೊಂಡರು.

ಅರ್ಧ ಮುದ್ದೆ ಉಂಡರು.

ಸದ್ಯ ಟ್ಯೂಬಿನ ಮಾತಿಲ್ಲ. ಮುಂದೆ ಹೇಗೋ ಗೊತ್ತಿಲ್ಲ. ಗ್ರೂಪಿಗೆ ತಿಳಿಸಿದೆ, ಗುಲಾಬಿ ಬಂತು. ಆ ಹುಡುಗಿಗೆ ಮಾತ್ರ ಫೋನ್ ಮಾಡಿ ಹೇಳಿದೆ.

ಅತ್ತೆಗೆ ಈಗ ನಾನು ಸೊಸೆಯಲ್ಲ, ಕೂಲಿಗೆ ಬಂದವಳು. ಮೊದಮೊದಲು ಹೊಟ್ಟೆ ಉರಿಯಿತು. ಆದರೆ ಸೊಸೆಯಾಗಿದ್ದ ಅಷ್ಟು ವರ್ಷ ಉಂಡೆಯಾ ಎಂದು ಒಮ್ಮೆಯೂ ಕೇಳಿದವರಲ್ಲ. ನಿನ್ನೆ ತಮ್ಮ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು ನನಗೆ ಇಕ್ಕಿದರು.

“ನಾಚ್ಕೋಬ್ಯಾಡ, ಉಣ್ಣು ಮಗಾ. ಇನ್ನೂ ಕಟ್ಟೋ ಸೊಪ್ಪು ಅದೆ.”