ವಿಮಾನಕ್ಕೆ ಅಂಟಿಸಿದ ಹರಕೆಯ ಸೀರೆ

ಇವತ್ತು ಬಾಗಿಲಿಗೆ ವಾರ್ನಿಷ್ ಹಚ್ಚಿಸಿದೆ. ಆ ವಾಸನೆಗೆ ಕಾಕಾನ ಮೇಲಿನ ಹಳೆಯ ಸಿಟ್ಟು ನೆತ್ತಿಗೇರಿತು.

ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಒಬ್ಬರೇ ಕೂಡುವಂಥ ವಿಮಾನವೊಂದನ್ನು ಅಪ್ಪನ ತಮ್ಮನಾದ ಈ ಕಾಕಾ ಕಟ್ಟುತ್ತಿದ್ದ. ಕಟ್ಟಿಗೆಯ ಒಡಲು ಮುಗಿದಿತ್ತು. ಬಟ್ಟೆ ಅಂಟಿಸಿ, ಪಕ್ಕದಲ್ಲೇ ಡಬ್ಬಿ ತೆರೆದಿಟ್ಟು ಮನೆಯೆಲ್ಲ ನಾರಿಸಿದ್ದ ವಾರ್ನಿಷ್ ಹೊಡೆಯುವುದಷ್ಟೇ ಬಾಕಿ. ನನ್ನ ಜ್ವರ ಬಿಟ್ಟಿದ್ದಕ್ಕೆ ಅವ್ವ ಒಪ್ಪತ್ತು ಉಂಡು ಬನಶಂಕರಿಗೆ ಹರಕೆಯ ಸೀರೆ ನೇಯುತ್ತಿದ್ದಳು. ಅವಳು ನೀರಿಗೆ ಹೋದಾಗ ಕಾಕಾ ಅದನ್ನು ಮಗ್ಗದಿಂದ ಕೊಯ್ದು, ನೂಲಿಗೆ ಹಚ್ಚುವ ಗಂಜಿಯಿಂದಲೇ ವಿಮಾನಕ್ಕೆ ಅಂಟಿಸಿಬಿಟ್ಟ.

"ಸೀರಿ ಆಕಾಶಕ್ಕ ಹೊಂಟೈತಿ, ವೈನಿ. ನಿನ್ನ ದೇವಿನೂ ಅಲ್ಲೇ ಇರ್ತಾಳಲ್ಲ?" ಎಂದು ನಕ್ಕ.

"ನನ್ನ ದೇವಿ ಬದಾಮ್ಯಾಗ ಅದಾಳ!" ಎಂದವಳೇ ಅವ್ವ ಗಂಜಿ ಬಿಡಲೆಂದು ಕೊಡದ ನೀರನ್ನೆಲ್ಲ ವಿಮಾನದ ಮೇಲೆ ಸುರಿದಳು.

"ಕಟ್ಟಿಗಿ ಉಬ್ಬತೈತಿ, ಬ್ಯಾಡ ವೈನಿ!" ಕಾಕಾ ಅಂಗಲಾಚಿದ. ನಾನೂ ಒಂದು ತಂಬಿಗೆ ಸುರಿದೆ.

ಕಾಕಾ ಈಗಿಲ್ಲ. ಪೂಜೆಗೆ ಕೂತಾಗ ಎಲ್ಲರ ತಪ್ಪನ್ನೂ ಕ್ಷಮಿಸೆಂದು ಬೇಡುತ್ತೇನೆ, ಅವನ ಹೆಸರೊಂದನ್ನು ಬಿಟ್ಟು.