ಎರೆ ಹೊಲದ ಬೆಂಚ್‌ಮಾರ್ಕ್

೧೯೫೩ರಲ್ಲಿ ನಾನು ಸಿಂಧನೂರಿನಲ್ಲಿ ಓವರ್‌ಸಿಯರ್ ಆಗಿದ್ದೆ. ಮಸ್ಕಿ ಕಡೆಯ ಕಪ್ಪು ಎರೆ ಮಣ್ಣಿನ ಹೊಲಗಳಲ್ಲಿ ಹೊಸ ಉಪಕಾಲುವೆಗೆ ಲೆವೆಲ್ ಹಿಡಿಯುವ, ಅಂದರೆ ನೆಲದ ಏರಿಳಿತ ಅಳೆಯುವ ಕೆಲಸ. ಅದಕ್ಕೆ ಆಧಾರವಾಗಿ, ಎತ್ತರ ಮೊದಲೇ ಗೊತ್ತಿರುವ ಒಂದು ಕಲ್ಲು ಬೇಕು, ಅದೇ ಬೆಂಚ್‌ಮಾರ್ಕ್. ನಮ್ಮ ಕಾಲುವೆಯ ಇಳಿಜಾರು ತೀರ ಕಡಿಮೆ. ನಾಲ್ಕು ಬೆರಳು ತಪ್ಪಿದರೂ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ.

ಆ ಬೇಸಿಗೆಯಲ್ಲಿ ಲಿಂಗಸುಗೂರಿನ ಶರಣಪ್ಪ ಹೊಸ ಸರ್ವೇಯರ್ ಆಗಿ ನನ್ನ ಕೈಕೆಳಗೆ ಬಂದ. ಹೇಳಿದ್ದನ್ನು ಹೇಳಿದ ಹಾಗೆ ನಂಬುವ ಜಾಯಮಾನವೇ ಅವನದಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಅದರಲ್ಲಿ ನೆಟ್ಟದ್ದೂ ಅದರ ಜೊತೆಗೇ ಏರಿಳಿಯುತ್ತದೆ ಎಂದು ಮೊದಲ ದಿನವೇ ಹೇಳಿದ್ದೆ. ತಲೆಯಾಡಿಸಿದ. ಮರುದಿನ ನೋಡಿದರೆ ಕ್ಯಾಂಪಿನ ಹಿಂದೆ ಬೇರೆ ಬೇರೆ ಆಳಕ್ಕೆ ಗೂಟ ಬಡಿಯುತ್ತಿದ್ದಾನೆ! ದೀಪಾವಳಿಗೆ ಅಗೆತ ಶುರುವಾಗಲೇಬೇಕೆಂದು ಮೇಲಿನವರು ನನ್ನ ತಲೆ ತಿನ್ನುತ್ತಿದ್ದರು; ಇವನು ಸಂಜೆಯಾದರೆ ಗೂಟ ಅಳೆಯಲು ಓಡುತ್ತಿದ್ದ. ನನಗೆ ಮೈ ಉರಿಯುತ್ತಿತ್ತು.

“ಇದೆಲ್ಲಾ ಪುಸ್ತಕದಾಗ ಐತಿ. ಮತ್ತ ಹೊಸದೇನ್ ಹುಡುಕಾಕತ್ತಿ ನೀ?” ಎಂದು ಕೇಳಿದೆ.

“ಐತ್ರೀ ಸಾಹೇಬ್ರ. ಆದ್ರ ನಾ ನೋಡಿಲ್ಲಲ್ರೀ,” ಎಂದ.

ಕಾಲುವೆಯ ಮೇಲಿನ ಅರ್ಧ ಭಾಗದ ಲೆವೆಲ್ ಬೇಸಿಗೆಯಲ್ಲೇ ಮುಗಿದಿತ್ತು. ಕೆಳಗಿನ ಅರ್ಧವನ್ನು ಮಳೆಯಾದ ಮೇಲೆ ಅದೇ ಬೆಂಚ್‌ಮಾರ್ಕ್ ಕಲ್ಲಿನಿಂದ ಹಿಡಿದೆವು. ಚೆನ್ನಾಗಿ ಕೆತ್ತಿದ ಹಳೆಯ ಕಲ್ಲು. ಅದರ ಬುಡ ಗಟ್ಟಿ ನೆಲ ಮುಟ್ಟಿದೆ ಎಂದೇ ಎಲ್ಲರ ನಂಬಿಕೆ.

ಅಗೆತಕ್ಕೆ ಗುರುತು ಹಾಕಬೇಕಾದ ಬೆಳಿಗ್ಗೆ ಶರಣಪ್ಪ ಆ ಕಲ್ಲಿನ ಬುಡ ಕೆದಕುತ್ತ ಕುಳಿತಿದ್ದ. ಕೂಲಿಯವರು ಸುಮ್ಮನೆ ನಿಂತಿದ್ದರು. ಬಾಯಿಗೆ ಬಂದಂತೆ ಬೈದೆ. ಅವನು ನಿಲ್ಲಿಸಲಿಲ್ಲ. ಕಲ್ಲಿನ ಕೆಳತುದಿ ಸಿಕ್ಕಿತು. ಅದರ ಕೆಳಗೂ ಬರೀ ಎರೆ. ಅಷ್ಟೇ ಆಳದ ಅವನ ಗೂಟಗಳೆಲ್ಲ ಮಳೆಗೆ ಮೇಲೆದ್ದಿದ್ದವಂತೆ. ಹತ್ತಿರದ ಗುಡ್ಡದ ಅಲುಗದ ಬಂಡೆಗೂ ಈ ಕಲ್ಲಿಗೂ ಬೇಸಿಗೆಯಲ್ಲಿ ಇದ್ದ ಎತ್ತರದ ವ್ಯತ್ಯಾಸ ನಮಗೆ ಗೊತ್ತಿತ್ತು. ಮತ್ತೆ ಅಳೆದೆವು. ಕಲ್ಲು ನಾಲ್ಕು ಬೆರಳು ಮೇಲೆದ್ದಿತ್ತು. ಹಾಗೇ ಅಗೆದಿದ್ದರೆ ಕೆಳಗಿನ ಅರ್ಧದ ತಳವೂ ಅಷ್ಟೇ ಎತ್ತರವಾಗಿ, ಕೊನೆಯ ಹೊಲದವರು ಒಣ ಕಾಲುವೆ ನೋಡುತ್ತ ಕೂರಬೇಕಾಗುತ್ತಿತ್ತು.

“ಮೊದಲ ಯಾಕ ಹೇಳಲಿಲ್ಲಲೇ?” ಎಂದು ರೇಗಿದೆ.

“ನಿಮಗ ಗೊತ್ತಿದ್ದದ್ದ ಅಲ್ರೀ ಇದು? ನನಗ ಈಗ ಗೊತ್ತಾತು,” ಎಂದ. ಕುಹಕದ ಸುಳಿವೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಲೆವೆಲ್ ಮತ್ತೆ ಹಿಡಿದೆವು. ದೀಪಾವಳಿ ದಾಟಿತು, ಮೇಲಿನವರಿಂದ ಬೈಸಿಕೊಂಡೆ. ನೀರು ಮಾತ್ರ ಮುಂದೆ ಕೊನೆಯ ಹೊಲದ ತನಕ ಹರಿಯಿತು.

ನನಗೆ ಬಾಯಿಪಾಠವಾಗಿದ್ದ ವಿಷಯ ಎದುರಿಗಿದ್ದ ಕಲ್ಲನ್ನು ಅನುಮಾನಿಸಲು ಕಲಿಸಿರಲಿಲ್ಲ. ಅವನು ತಾನೇ ಕಂಡುಕೊಂಡದ್ದು ಅವನಿಗೆ ಕಲಿಸಿತ್ತು. ಆಮೇಲೆ ಬಂದ ಹೊಸಬರಿಗೆಲ್ಲ, ತಾವೇ ಗೂಟ ಬಡಿದು ನೋಡಲಿ ಎಂದು, ಒಂದು ಮಳೆಗಾಲದ ಸಮಯ ಕೊಟ್ಟೆ. ಎರೆ ಉಬ್ಬುತ್ತದೆ ಎಂದು ಲೋಕದಲ್ಲಿ ತಾವೇ ಮೊದಲು ಕಂಡವರಂತೆ ಒಬ್ಬೊಬ್ಬರೂ ಓಡಿಬಂದು ಹೇಳುವಾಗ, ಹಲ್ಲು ಕಚ್ಚಿಕೊಂಡು “ಹೌದೇನು?” ಎಂದು ಕೇಳಿದ್ದೇನೆ.